ಯಾವುದರ ಕೇಂದ್ರ? ಯಾತಕ್ಕೆ ಕೇಂದ್ರ?



ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ಪರೀಕ್ಷೆಯ ಕಾಲ ಬಂತೆಂದರೆ ಒಂದು ತಮಾಷೆ ನಡೆಯುತ್ತದೆ. ಮಗು ಓದುವುದು ಇಂಗ್ಲಿಷಿನಲ್ಲಿ, ಇಲ್ಲವೇ ಮರಾಠಿಯಲ್ಲಿ. ಅಮ್ಮ ಶಾಲೆ ಕಲಿತದ್ದು ಉಡುಪಿಯಲ್ಲೋ ವಿಜಯಪುರದಲ್ಲೋ, ಕನ್ನಡದಲ್ಲಿ. ಮಗು ಲೆಕ್ಕ ಓದುವಾಗ ‘ಸೆಂಟರ್’ ಅನ್ನುತ್ತದೆ. ಪಕ್ಕದ ಮನೆಯ ಹುಡುಗನ ಮರಾಠಿ ಪುಸ್ತಕದಲ್ಲಿ ‘ಗುರುತ್ವಮಧ್ಯ’ ಎಂದಿರುತ್ತದೆ. ಅಮ್ಮನಿಗೆ ನೆನಪಾಗುವುದು ‘ಗುರುತ್ವಕೇಂದ್ರ’. ಮೂರು ಮಾತು, ವಿಷಯ ಒಂದೇ. ಆದರೆ ಅದೇ ಪುಸ್ತಕದ ಮುಂದಿನ ಪುಟದಲ್ಲಿ ಅದೇ ‘ಸೆಂಟರ್’ ಬೇರೆ ಜಾಗದಲ್ಲಿ ಬೇರೆ ಕೆಲಸಕ್ಕೆ ನಿಂತಿರುತ್ತದೆ. ಮಗು ಅಲ್ಲೇ ಮುಗ್ಗರಿಸುತ್ತದೆ.

ಇಂದಿನ ನಮ್ಮ ಮಾತು ಆ ಒಂದು ಪದದ ಮೇಲೆ. ನಾನು ಓದಿದ್ದು ಕನ್ನಡ ಬಿ.ಎ. ಲೆಕ್ಕದ ಮೇಷ್ಟ್ರ ಕುರ್ಚಿ ನನ್ನದಲ್ಲ. ಆದರೂ ಪದದ ಬೆರಳು ಹಿಡಿದು ಹೊರಟರೆ ಲೆಕ್ಕದ ಮನೆಯ ಬಾಗಿಲಿಗೆ ತಲುಪಬಹುದು. ಈ ಪದ ಸರಿಯಾಗಿ ತಿಳಿದರೆ ಅಂಕ ಸಿಗುತ್ತದೆ, ಅದು ನಿಜ. ಅಂಕಕ್ಕಿಂತ ದೊಡ್ಡದನ್ನು ಉಳಿಸಿಕೊಳ್ಳಬೇಕಾದ ಒಂದು ಜಾಗವೂ ನಾವು ದಿನಾ ಹಾದುಹೋಗುವ ರೈಲುದಾರಿಯಲ್ಲೇ ಇದೆ. ಅಲ್ಲಿಗೆ ಕೊನೆಯಲ್ಲಿ ಬರೋಣ.

ಮೊದಲು ಪದದ ಕಥೆ ಕೇಳಿ. ‘ಕೇಂದ್ರ’ ನಮಗೆ ಸಂಸ್ಕೃತದಿಂದ ಬಂತು. ಸಂಸ್ಕೃತಕ್ಕೆ ಎಲ್ಲಿಂದ ಬಂತು ಗೊತ್ತೇ? ಗ್ರೀಕ್ ಭಾಷೆಯಿಂದ. ಅಲ್ಲಿ ‘ಕೆಂಟ್ರಾನ್’ ಎಂದರೆ ಚುಚ್ಚುವ ಮೊನೆ, ಎತ್ತನ್ನು ತಿವಿದು ಓಡಿಸುವ ಮೊನೆಗೋಲು. ವೃತ್ತ ಎಳೆಯಲು ಕೈವಾರವನ್ನು ಊರುತ್ತೇವಲ್ಲ, ಆ ಚೂಪು ಕಾಲು ಕಾಗದಕ್ಕೆ ಚುಚ್ಚಿದ ಜಾಗಕ್ಕೂ ಅದೇ ಹೆಸರಾಯಿತು. ಗ್ರಹಗತಿಯ ಶಾಸ್ತ್ರದ ಜೊತೆಗೆ ಆ ಪದ ಭಾರತಕ್ಕೆ ಬಂದು ‘ಕೇಂದ್ರ’ವಾಯಿತು. ಮಗುವಿನ ಕಂಪಾಸ್ ಪೆಟ್ಟಿಗೆಯಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಆ ಮೊನೆ ಇವತ್ತಿಗೂ ಇದೆ.

ಬಂದ ಮೇಲೆ ಪದ ಸುಮ್ಮನೆ ಕೂರಲಿಲ್ಲ. ಜಾತಕ ಬಿಡಿಸಿದವರು “ಗುರು ಕೇಂದ್ರದಲ್ಲಿದ್ದಾನೆ” ಅನ್ನುವುದನ್ನು ನೀವು ಕೇಳಿದ್ದೀರಿ. ಹಾಗೆಂದರೆ ಗುರು ಕುಂಡಲಿಯ ನಟ್ಟನಡುವೆ ಕೂತಿದ್ದಾನೆ ಎಂದಲ್ಲ. ಲಗ್ನದಿಂದ 1, 4, 7, 10ನೆಯ ಮನೆಗಳಿಗೆ ಕೇಂದ್ರ ಎಂದು ಹೆಸರು. ಒಂದೇ ಕುಂಡಲಿಯಲ್ಲಿ ನಾಲ್ಕು ಕೇಂದ್ರ! ನಮ್ಮ ಹಳೆಯ ಖಗೋಳ ಗ್ರಂಥಗಳಲ್ಲಿ ‘ಮಂದಕೇಂದ್ರ’ ಎಂಬ ಮಾತಿದೆ. ಅದು ಬಿಂದುವೇ ಅಲ್ಲ, ಒಂದು ಕೋನ. ಗ್ರಹ ತನ್ನ ಮಂದೋಚ್ಚದಿಂದ ಎಷ್ಟು ದೂರ ಸರಿದಿದೆ ಎಂಬ ಲೆಕ್ಕ.

ನಮ್ಮ ದಿನದ ಮಾತನ್ನೇ ನೋಡಿ. ಮಂಗಳೂರು ದಕ್ಷಿಣ ಕನ್ನಡದ ಜಿಲ್ಲಾ ಕೇಂದ್ರ. ನಕ್ಷೆಯಲ್ಲಿ ಅದು ಕಡಲಂಚಿಗೆ ಅಂಟಿಕೊಂಡಿದೆ. ಥಾಣೆ ಜಿಲ್ಲೆಯ ಆಡಳಿತ ಕೇಂದ್ರವಾದ ಥಾಣೆ ನಗರವೂ ಜಿಲ್ಲೆಯ ನೈಋತ್ಯ ಮೂಲೆಯ ಕಡೆಗಿದೆ. ಪರೀಕ್ಷಾ ಕೇಂದ್ರ, ಹಾಲಿನ ಕೇಂದ್ರ, ಆಕಾಶವಾಣಿ ಕೇಂದ್ರ, ಇವುಗಳಲ್ಲಿ ಯಾವುದು ಯಾವುದರ ನಟ್ಟನಡುವೆ ಇದೆ ಹೇಳಿ? ಜನ ಒಂದು ಕೆಲಸಕ್ಕಾಗಿ ಬಂದು ಸೇರುವ ಜಾಗವಾದ್ದರಿಂದ ಅವೆಲ್ಲ ಕೇಂದ್ರ.

ಇಲ್ಲಿಗೆ ನಮಗೆ ಒಂದು ಸುಳಿವು ಸಿಕ್ಕಿತು. ವಸ್ತುವಿನ ಮೇಲೆ ದೇವರು ಇಟ್ಟು ಕಳಿಸಿದ ಚುಕ್ಕೆ ಯಾವುದೂ ಇಲ್ಲ. ನಾವು ಒಂದು ಪ್ರಶ್ನೆ ಕೇಳುತ್ತೇವೆ, ಆ ಪ್ರಶ್ನೆಗೆ ಉತ್ತರವಾಗಿ ಬರುವ ಬಿಂದುವಿಗೆ ಕೇಂದ್ರ ಎನ್ನುತ್ತೇವೆ. ಪ್ರಶ್ನೆ ಬದಲಾದರೆ ಬಿಂದುವೂ ಬದಲಾಗುತ್ತದೆ. ಗಣಿತವಿರಲಿ, ಭೌತಶಾಸ್ತ್ರವಿರಲಿ, ಕೇಂದ್ರದ ಲೆಕ್ಕಗಳ ಬೀಗದಕೈ ಇದೇ.

ಎಲ್ಲಕ್ಕಿಂತ ಸುಲಭದ್ದು ವೃತ್ತ. ಪ್ರಶ್ನೆ: ಅಂಚಿನ ಎಲ್ಲ ಬಿಂದುಗಳಿಂದ ಸಮದೂರದಲ್ಲಿರುವ ಜಾಗ ಯಾವುದು? ಮನೆಯಲ್ಲಿ ಗಾಜಿನ ಬಳೆ ಒಡೆದರೆ ಒಂದು ಚೂರು ತೆಗೆದಿಡಿ, ಕೈಗೆ ಚುಚ್ಚದಂತೆ ಜೋಪಾನ. ಅದನ್ನು ಕಾಗದದ ಮೇಲಿಟ್ಟು ಅಂಚಿಗೆ ಪೆನ್ಸಿಲ್ ಓಡಿಸಿ. ಬಂದ ಕಮಾನಿನ ಮೇಲೆ ಮೂರು ಚುಕ್ಕೆ ಇಡಿ. ಮೊದಲನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ಗೆರೆಯಿಂದ ಸೇರಿಸಿ. ಒಂದೊಂದು ಗೆರೆಯ ನಡುವಿನಿಂದ ಲಂಬ ಎಳೆಯಿರಿ. ಆ ಎರಡು ಲಂಬಗಳು ಕೂಡುವ ಕಡೆ ಕೈವಾರ ಊರಿ ಸುತ್ತಿದರೆ ಪೂರ್ತಿ ಬಳೆಯ ಅಳತೆ ಬಂದುಬಿಡುತ್ತದೆ. ಚೂರು ಕೈಯಲ್ಲಿದ್ದರೆ ಸಾಕು, ಇಡೀ ಬಳೆಯ ಕೇಂದ್ರ ಸಿಕ್ಕಿತು.

ಇನ್ನೊಂದು ಮಾತು ಗಮನಿಸಿ. ಆ ಕೇಂದ್ರದಲ್ಲಿ ಗಾಜಿಲ್ಲ. ಬರೀ ಗಾಳಿ. ಬಳೆಯ ಗುರುತ್ವಕೇಂದ್ರವೂ ಅಲ್ಲೇ, ಗಾಳಿಯಲ್ಲೇ. “ವಸ್ತುವಿನ ಗುರುತ್ವಕೇಂದ್ರ ವಸ್ತುವಿನ ಹೊರಗಿರಬಹುದೇ?” ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಮಗು ತಾಯಿಯ ಕೈ ನೋಡಿಕೊಂಡರೆ ಸಾಕು.

ಈಗ ನಮ್ಮ ರೈಲುದಾರಿಗೆ ಬನ್ನಿ. ಒಂದು ಸಣ್ಣ ಕನ್ನಡ ಸಂಘ ಎಂದು ಊಹಿಸಿಕೊಳ್ಳೋಣ. ಸಮಿತಿಯಲ್ಲಿ ಏಳು ಜನ. ಇಬ್ಬರು ಥಾಣೆಯವರು, ಒಬ್ಬರು ಡೊಂಬಿವಲಿಯವರು, ನಾಲ್ವರು ಕಲ್ಯಾಣದವರು. ಸಭೆ ‘ಮಧ್ಯದಲ್ಲಿ’ ಸೇರಲಿ ಎಂದು ಠರಾವು ಆಯಿತು. ಮಧ್ಯ ಎಲ್ಲಿ?

ಸಿಎಸ್‌ಎಂಟಿಯಿಂದ ಥಾಣೆ ಸುಮಾರು 34 ಕಿಲೋಮೀಟರ್, ಡೊಂಬಿವಲಿ 48, ಕಲ್ಯಾಣ್ 54. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರದಿಂದ ಥಾಣೆಗೆ ಓಡಿತಲ್ಲ, ಆ ದಾರಿಯೇ ಮರುವರ್ಷ ಕಲ್ಯಾಣಕ್ಕೆ ಮುಂದುವರಿಯಿತು.

ಮೊದಲನೆಯವರು ಎದ್ದು ನಿಂತರು: “ಯಾರಿಗೂ ತೀರಾ ದೂರ ಆಗಬಾರದು ಕಣ್ರೀ.” ಹಾಗಾದರೆ ಎರಡು ತುದಿಗಳ ನಡು ಹಿಡಿಯಬೇಕು. 34 ಮತ್ತು 54ರ ನಡು 44. ಅಂದರೆ ದಿವಾ ಸ್ಟೇಷನ್ ಸ್ವಲ್ಪ ದಾಟಿದ ಕಡೆ. ಯಾರೂ 10 ಕಿಲೋಮೀಟರಿಗಿಂತ ಹೆಚ್ಚು ಬರಬೇಕಿಲ್ಲ.

ಎರಡನೆಯವರು ಅಂದರು: “ಎಲ್ಲರ ದೂರದ ಸರಾಸರಿ ತೆಗೆಯಿರಿ, ನ್ಯಾಯ ಅಂದರೆ ಸರಾಸರಿ.” ಎರಡು ಸಲ 34, ಒಂದು ಸಲ 48, ನಾಲ್ಕು ಸಲ 54 ಕೂಡಿಸಿದರೆ 332. ಏಳರಿಂದ ಭಾಗಿಸಿದರೆ 47.4. ಅದು ಕೋಪರ್ ಸ್ಟೇಷನ್ನಿನ ಹತ್ತಿರ.

ಮೂರನೆಯವರು ಖಜಾಂಚಿ. “ಟಿಕೆಟ್ಟಿನ ದುಡ್ಡು ಸಂಘದ್ದು, ಎಲ್ಲರೂ ಸೇರಿ ಓಡಾಡುವ ದೂರ ಕಡಿಮೆ ಆಗಲಿ” ಎಂದರು. ಲೆಕ್ಕ ಹಾಕಿ. ದಿವಾದ ಬಳಿ ಸೇರಿದರೆ ಒಟ್ಟು 64 ಕಿಲೋಮೀಟರ್. ಕೋಪರಿನ ಬಳಿ ಸೇರಿದರೆ ಸುಮಾರು 54. ಕಲ್ಯಾಣದಲ್ಲೇ ಸೇರಿದರೆ ಬರೀ 46! ಕಾರಣ ಸರಳ. ಸಭೆಯ ಜಾಗವನ್ನು ಕಲ್ಯಾಣದಿಂದ ಒಂದು ಕಿಲೋಮೀಟರ್ ಈಚೆಗೆ ತಂದರೆ ಮೂವರಿಗೆ ಒಂದೊಂದು ಕಿಲೋಮೀಟರ್ ಉಳಿತಾಯ, ನಾಲ್ವರಿಗೆ ಒಂದೊಂದು ಹೆಚ್ಚು. ಏಳು ಜನರನ್ನು ಊರಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಾಲ್ಕನೆಯವರು ಯಾರು ಎಂದು ನೋಡಿದರೆ ಕಲ್ಯಾಣದವರೇ. ಈ ಸಾಲಿನ ನಡುವಿನವರನ್ನು ಗಣಿತದಲ್ಲಿ ‘ಮಧ್ಯಾಂಕ’ ಎನ್ನುತ್ತಾರೆ.

ನೋಡಿದಿರಾ? ಏಳೇ ಜನ, ಒಂದೇ ದಾರಿ, ಮೂರು ಕೇಂದ್ರ: ದಿವಾ, ಕೋಪರ್, ಕಲ್ಯಾಣ್. ಮೂವರದೂ ಸರಿ. ಜಗಳ ಉತ್ತರದ ಬಗ್ಗೆ ಅಲ್ಲ, ಮೂವರೂ ಬೇರೆಬೇರೆ ಪ್ರಶ್ನೆ ಕೇಳಿದರು, ಅಷ್ಟೇ. ಥಾಣೆಯ ಇಬ್ಬರು ತಾವು 20 ಕಿಲೋಮೀಟರ್ ಬರಬೇಕಾಯಿತಲ್ಲ ಎಂದು ಗೊಣಗಿದರೆ ಅದಕ್ಕೂ ಅರ್ಥವಿದೆ. ಖಜಾಂಚಿಯ ಕೇಂದ್ರ ದುಡ್ಡು ಉಳಿಸುತ್ತದೆ, ಗೊಣಗಾಟ ಉಳಿಸುವುದಿಲ್ಲ.

ಈಗ ನವಿಮುಂಬಯಿಯವರು ಸುಮ್ಮನಿರುತ್ತಾರೆಯೇ? ವಾಶಿಯಿಂದ ನಾಲ್ವರು ಸಮಿತಿಗೆ ಸೇರಿದರು ಎನ್ನಿ. 2004ರಲ್ಲಿ ಥಾಣೆ–ವಾಶಿ ನಡುವೆ ಪ್ರಯಾಣಿಕರ ರೈಲು ಶುರುವಾದ ಮೇಲೆ ಅವರು ಥಾಣೆಗೆ ನೇರ ಬರಬಹುದು. ರೈಲಿನ ದಾರಿಯಲ್ಲಿ ಸಾಲು ಹೀಗೆ: ವಾಶಿಯ ನಾಲ್ವರು, ಥಾಣೆಯ ಇಬ್ಬರು, ಡೊಂಬಿವಲಿಯ ಒಬ್ಬರು, ಕಲ್ಯಾಣದ ನಾಲ್ವರು. ಒಟ್ಟು ಹನ್ನೊಂದು. ನಡುವಿನವರು ಆರನೆಯವರು, ಅಂದರೆ ಥಾಣೆಯವರು. ಖಜಾಂಚಿಯ ಕೇಂದ್ರ ಕಲ್ಯಾಣದಿಂದ ಥಾಣೆಗೆ ಜಿಗಿಯಿತು. ಯಾರೂ ಮನೆ ಬದಲಿಸಲಿಲ್ಲ, ನಾಲ್ಕು ಜನ ಹೊಸಬರು ಬಂದರು ಅಷ್ಟೇ.

ರೈಲು ಬಿಟ್ಟು ನಕ್ಷೆ ಹಿಡಿಯೋಣ. ಥಾಣೆ, ಕಲ್ಯಾಣ್, ವಾಶಿ ಮೂರನ್ನೂ ಗೆರೆಯಿಂದ ಸೇರಿಸಿದರೆ ತ್ರಿಭುಜ. ತ್ರಿಭುಜಕ್ಕೆ ಎಷ್ಟು ಕೇಂದ್ರ? ಶಾಲೆಯ ಪುಸ್ತಕದಲ್ಲೇ ನಾಲ್ಕು ಇವೆ. ಮೂರು ಮೂಲೆಗಳಿಗೂ ಸಮದೂರ ಎಲ್ಲಿ ಎಂದು ಕೇಳಿದರೆ ಪರಿಕೇಂದ್ರ. ಮೂರು ಬದಿಗಳಿಗೂ ಸಮದೂರ ಎಲ್ಲಿ ಎಂದರೆ ಅಂತಃಕೇಂದ್ರ. ರಟ್ಟಿನಲ್ಲಿ ಕತ್ತರಿಸಿದ ತ್ರಿಭುಜ ಬೆರಳ ತುದಿಯ ಮೇಲೆ ಎಲ್ಲಿ ತೂಗಿ ನಿಲ್ಲುತ್ತದೆ ಎಂದರೆ ಗುರುತ್ವಕೇಂದ್ರ. ಮೂಲೆಯಿಂದ ಎದುರು ಬದಿಯ ನಡುವಿಗೆ ಎಳೆದ ಮಧ್ಯರೇಖೆಗಳು ಕೂಡುವ ಜಾಗ. ಮೂಲೆಗಳಿಂದ ಎದುರು ಬದಿಗೆ ಇಳಿಸಿದ ಲಂಬಗಳು ಎಲ್ಲಿ ಸೇರುತ್ತವೆ ಎಂದರೆ ಲಂಬಕೇಂದ್ರ.

ಮಕ್ಕಳು ಈ ನಾಲ್ಕನ್ನೂ ಒಂದೇ ಎಂದು ತಿಳಿಯಲು ಕಾರಣವಿದೆ. ಕರಿಹಲಗೆಯ ಮೇಲೆ ಕೈ ಓಡಿದಂತೆ ಎಳೆದ ತ್ರಿಭುಜ ಸಾಮಾನ್ಯವಾಗಿ ಸಮಬಾಹು ತ್ರಿಭುಜದ ಹತ್ತಿರ ಇರುತ್ತದೆ. ಸಮಬಾಹುವಿನಲ್ಲಿ ನಾಲ್ಕು ಕೇಂದ್ರಗಳೂ ಒಂದೇ ಚುಕ್ಕೆಯಲ್ಲಿ ಕೂತುಬಿಡುತ್ತವೆ. ಚಿತ್ರ ಚಂದವಾಗಿದ್ದರೆ ಭೇದ ಕಾಣುವುದಿಲ್ಲ. ಆದ್ದರಿಂದ ಮಗುವಿಗೆ ಸೊಟ್ಟ ತ್ರಿಭುಜ ಎಳೆಯಲು ಹೇಳಿ.

ನಮ್ಮ ಊರುಗಳ ತ್ರಿಭುಜ ಸೊಟ್ಟಗೇ ಇದೆ. ನಕ್ಷೆಯಲ್ಲಿ ಕೋನಮಾಪಕ ಇಟ್ಟು ನೋಡಿ, ಥಾಣೆಯ ಮೂಲೆ ಲಂಬಕೋನಕ್ಕಿಂತ ತುಸು ಹೆಚ್ಚು ಬರುತ್ತದೆ. ವಿಶಾಲಕೋನ ಇರುವ ತ್ರಿಭುಜದ ಪರಿಕೇಂದ್ರ ತ್ರಿಭುಜದ ಒಳಗೇ ಇರುವುದಿಲ್ಲ. ಇಲ್ಲಿ ಅದು ಕಲ್ಯಾಣ್–ವಾಶಿ ಗೆರೆಯ ಆಚೆ ಬೀಳುತ್ತದೆ. ಗುರುತ್ವಕೇಂದ್ರ ಮಾತ್ರ ಯಾವ ತ್ರಿಭುಜದಲ್ಲೂ ಒಳಗೇ ಇರುತ್ತದೆ. ಬಾನುಲಿಯವರ ಉದಾಹರಣೆ ಕೊಡುತ್ತೇನೆ. ಮೂರೂ ಊರಿಗೆ ಸಮದೂರದಲ್ಲಿ ಪ್ರಸಾರದ ಗೋಪುರ ನಿಲ್ಲಿಸಬೇಕೆಂದರೆ ಪರಿಕೇಂದ್ರ ಹುಡುಕಬೇಕು. “ಸಮದೂರ ಬೇಡ, ಮೂರೂ ಊರಿಗೆ ಮುಟ್ಟುವ ಅತಿ ಚಿಕ್ಕ ವೃತ್ತ ಸಾಕು” ಎಂದರೆ ಗೋಪುರ ಕಲ್ಯಾಣ್–ವಾಶಿ ಗೆರೆಯ ನಟ್ಟನಡುವೆ ಬರಬೇಕು. ಮತ್ತೆ ಅದೇ ಮಾತು: ಪ್ರಶ್ನೆ ಬದಲಾಯಿತು, ಕೇಂದ್ರ ಸರಿಯಿತು.

ಇದು ಗಣಿತದ ಮನೆ. ಭೌತಶಾಸ್ತ್ರದ ಮನೆ ಇದಕ್ಕೆ ಅಂಟಿಕೊಂಡೇ ಇದೆ, ನಡುವೆ ಗೋಡೆಯೂ ಇಲ್ಲ. ಸಂಘದ ಎರಡನೆಯ ಸದಸ್ಯರು ತೆಗೆದ ಸರಾಸರಿ ನೆನಪಿದೆಯಲ್ಲ? ಒಂದು ಉದ್ದ ಹಲಗೆಯ ಮೇಲೆ 34, 48, 54 ಎಂದು ಗುರುತು ಮಾಡಿ, ಅಲ್ಲಿ ಎರಡು, ಒಂದು, ನಾಲ್ಕು ತೂಕದ ಕಲ್ಲು ಇಡಿ. ಹಲಗೆ ತೀರಾ ಹಗುರವಾಗಿದ್ದರೆ ಅದು 47.4ರಲ್ಲಿ ತೂಗಿ ನಿಲ್ಲುತ್ತದೆ. ಭೌತಶಾಸ್ತ್ರದವರು ‘ದ್ರವ್ಯರಾಶಿ ಕೇಂದ್ರ’ ಎನ್ನುವುದು ಇದನ್ನೇ. ತೂಕ ನೋಡಿ ತೆಗೆದ ಸರಾಸರಿ ಜಾಗ. ಸೂತ್ರ ದೊಡ್ಡದಾಗಿ ಕಂಡರೂ ಒಳಗಿರುವುದು ತಕ್ಕಡಿಯ ನ್ಯಾಯ.

ಆಕಾರ ಅಂಕುಡೊಂಕಾಗಿದ್ದರೆ? ಥಾಣೆ ಜಿಲ್ಲೆಯ ನಕ್ಷೆಯನ್ನು ರಟ್ಟಿಗೆ ಅಂಟಿಸಿ ಅಂಚು ಕತ್ತರಿಸಿ. ಒಂದು ಮೂಲೆಗೆ ಗುಂಡುಪಿನ್ ಚುಚ್ಚಿ ತೂಗುಹಾಕಿ. ಅದೇ ಪಿನ್ನಿಗೆ ದಾರದಲ್ಲಿ ಬೀಗದಕೈ ಇಳಿಬಿಟ್ಟು ದಾರದ ಗುಂಟ ಗೆರೆ ಎಳೆಯಿರಿ. ಇನ್ನೊಂದು ಮೂಲೆಯಿಂದ ಹೀಗೇ ಮಾಡಿ. ಎರಡು ಗೆರೆ ಕೂಡಿದ ಕಡೆ ಪೆನ್ಸಿಲ್ ಮೊನೆ ಇಟ್ಟರೆ ಇಡೀ ಜಿಲ್ಲೆ ಮೊನೆಯ ಮೇಲೆ ನಿಲ್ಲುತ್ತದೆ. ಹಳೆಯ ನಕ್ಷೆಯಲ್ಲೂ ಹೊಸ ನಕ್ಷೆಯಲ್ಲೂ ಮಾಡಿ ನೋಡಿ. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಯಿತು. ಜಿಲ್ಲೆಯ ತೂಕದ ಕೇಂದ್ರ ಅಂದೇ ಸರಿದುಹೋಯಿತು. ಜಿಲ್ಲಾ ಕೇಂದ್ರವಾದ ಥಾಣೆ ನಗರ ಇದ್ದಲ್ಲೇ ಇತ್ತು. ಒಂದೇ ಜಿಲ್ಲೆಗೆ ಎರಡು ಅರ್ಥದ ಎರಡು ಕೇಂದ್ರ, ಒಂದು ಸರಿಯಿತು, ಇನ್ನೊಂದು ಸರಿಯಲಿಲ್ಲ.

ಹನ್ನೊಂದು–ಹನ್ನೆರಡರ ಮಕ್ಕಳಿಗೆ ಒಂದು ಎಚ್ಚರಿಕೆ. ಗುರುತ್ವಾಕರ್ಷಣೆಯ ಲೆಕ್ಕದಲ್ಲಿ ‘ದೂರ’ ಎಂದರೆ ಭೂಮಿಯ ಮೇಲ್ಮೈಯಿಂದಲ್ಲ, ಭೂಮಿಯ ಕೇಂದ್ರದಿಂದ. ಗುಂಡನೆಯ ವಸ್ತು ಹೊರಗಿನವರನ್ನು ಎಳೆಯುವಾಗ ತನ್ನ ತೂಕವೆಲ್ಲ ಕೇಂದ್ರದಲ್ಲೇ ಇದೆಯೇನೋ ಎಂಬಂತೆ ಎಳೆಯುತ್ತದೆ. ಇದನ್ನು ನ್ಯೂಟನ್ 1687ರ ತನ್ನ ‘ಪ್ರಿನ್ಸಿಪಿಯಾ’ದಲ್ಲಿ ಸಾಧಿಸಿ ತೋರಿಸಿದ. 400 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಎಂದರೆ ಲೆಕ್ಕಕ್ಕೆ ಹಾಕಬೇಕಾದದ್ದು 400 ಅಲ್ಲ, 6400 ಕೂಡಿಸಿ 6800. ಆಗ ಆ ಎತ್ತರದಲ್ಲೂ ಭೂಮಿಯ ಸೆಳೆತ ಇಲ್ಲಿಯದರ ಶೇಕಡಾ 89ರಷ್ಟು ಉಳಿದಿರುತ್ತದೆ ಎಂಬ ಅಚ್ಚರಿಯ ಉತ್ತರ ಬರುತ್ತದೆ. ಗಗನಯಾತ್ರಿಗಳು ತೇಲುವುದು ಸೆಳೆತ ಇಲ್ಲದ್ದರಿಂದಲ್ಲ. ಅವರೂ ಅವರ ನೌಕೆಯೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ.

ಚಂದ್ರ ಭೂಮಿಯ ಕೇಂದ್ರವನ್ನು ಸುತ್ತುತ್ತಾನೆ ಅನ್ನುವುದು ಕೂಡ ಪೂರಾ ಸರಿಯಲ್ಲ. ಇಬ್ಬರೂ ತಮ್ಮ ಜಂಟಿ ದ್ರವ್ಯರಾಶಿ ಕೇಂದ್ರವನ್ನು ಸುತ್ತುತ್ತಾರೆ. ಭೂಮಿ ಚಂದ್ರನಿಗಿಂತ ಸುಮಾರು 81 ಪಟ್ಟು ಭಾರವಾದ್ದರಿಂದ ಆ ಬಿಂದು ಭೂಮಿಯ ಕಡೆಗೇ ಇದೆ. ಭೂಮಿಯ ಕೇಂದ್ರದಿಂದ ಸುಮಾರು 4,670 ಕಿಲೋಮೀಟರ್ ದೂರದಲ್ಲಿ, ನೆಲದೊಳಗೆ. ಅಣ್ಣ ತಂಗಿಯ ಕೈಹಿಡಿದು ಗಿರಗಿರನೆ ತಿರುಗುವಾಗ ಅಣ್ಣ ಸ್ವಲ್ಪ, ತಂಗಿ ಬಹಳ ತಿರುಗುತ್ತಾಳಲ್ಲ, ಹಾಗೆ.

ಇಷ್ಟು ದೂರ ಬಂದೆವು. ಈಗ ನಮ್ಮ ಮೈಗೇ ಬರೋಣ. ಕನ್ನಡದಲ್ಲಿ ‘ನಡು’ ಎಂದರೆ ಮಧ್ಯವೂ ಹೌದು, ಸೊಂಟವೂ ಹೌದು. ನಮ್ಮ ಹಿರಿಯರು ಭೌತಶಾಸ್ತ್ರ ಓದದೆಯೇ ಸರಿಯಾದ ಹೆಸರಿಟ್ಟರು. ನೆಟ್ಟಗೆ ನಿಂತ ಮನುಷ್ಯನ ಗುರುತ್ವಕೇಂದ್ರ ಹೊಕ್ಕುಳಿನ ತುಸು ಕೆಳಗೆ, ನಡುವಿನಲ್ಲೇ ಇದೆ. ಆ ಬಿಂದುವಿನಿಂದ ನೇರ ಕೆಳಗೆ ಇಳಿದ ಗೆರೆ ಎರಡು ಪಾದಗಳ ನಡುವಿನ ಜಾಗದೊಳಗೆ ಬೀಳುವವರೆಗೆ ನಾವು ನಿಂತಿರುತ್ತೇವೆ. ಹೊರಗೆ ಬಿದ್ದರೆ ನಾವೂ ಬೀಳುತ್ತೇವೆ. ಊರಿನಲ್ಲಿ ಹೆಂಗಸರು ಕೊಡವನ್ನು ಎಡನಡುವಿಗೆ ಏರಿಸಿದರೆ ಮೈ ತಾನಾಗಿ ಬಲಕ್ಕೆ ಬಾಗುತ್ತದೆ. ಮೈಯೂ ಕೊಡವೂ ಸೇರಿದ ಹೊಸ ಕೇಂದ್ರವನ್ನು ಪಾದದ ಮೇಲೆ ತರುವ ಹಂಚಿಕೆ ಅದು.

ಕೊಡದ ಬದಲು ಬೆನ್ನುಚೀಲ ಇಡಿ. 60 ಕಿಲೋ ತೂಕದವರು, ಬೆನ್ನಿಗೆ 8 ಕಿಲೋ ಚೀಲ: ಲ್ಯಾಪ್‌ಟಾಪ್, ಡಬ್ಬಿ, ನೀರಿನ ಬಾಟಲಿ, ಕೊಡೆ. ಚೀಲದ ತೂಕ ಮೈಯ ಕೇಂದ್ರಕ್ಕಿಂತ 25 ಸೆಂಟಿಮೀಟರ್ ಹಿಂದಿದೆ ಎನ್ನೋಣ. ತಕ್ಕಡಿಯ ಲೆಕ್ಕ ಹಾಕಿದರೆ ಒಟ್ಟು ಕೇಂದ್ರ ಸುಮಾರು 3 ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ಮನೆಯ ನೆಲದ ಮೇಲೆ 3 ಸೆಂಟಿಮೀಟರ್ ಏನೂ ಅಲ್ಲ. ಲೋಕಲಿನ ಬಾಗಿಲಂಚಿನಲ್ಲಿ ಅದೇ ಎಲ್ಲ.

2025ರ ಜೂನ್ 9, ಸೋಮವಾರ ಬೆಳಿಗ್ಗೆ. ದಿವಾ–ಮುಂಬ್ರಾ ನಡುವಿನ ತಿರುವಿನಲ್ಲಿ ಎರಡು ಕಿಕ್ಕಿರಿದ ಲೋಕಲ್‌ಗಳು ಎದುರುಬದುರಾಗಿ ಹಾದುಹೋದವು. ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗೆ ಬಿದ್ದರು. ಕೆಲವರು ಮನೆಗೆ ಮರಳಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಅದೇ ತಿರುವನ್ನು ಅದೇ ಹೊತ್ತಿಗೆ ದಿನಾ ದಾಟುವವರು. ಬಾಗಿಲಲ್ಲಿ ನಿಲ್ಲುವವರೆಲ್ಲ ಷೋಕಿಗೆ ನಿಲ್ಲುವವರಲ್ಲ. ಒಳಗೆ ಕಾಲಿಡಲು ಜಾಗವಿಲ್ಲ, ಆಫೀಸಿನಲ್ಲಿ ಹಾಜರಿಯ ಗಡಿಯಾರ ಕಾಯುವುದಿಲ್ಲ. ಆದ್ದರಿಂದ ಬುದ್ಧಿ ಹೇಳುವ ಬದಲು ಲೆಕ್ಕ ಹೇಳುತ್ತೇನೆ. ಇದು ಆ ದಿನದ ಅಪಘಾತದ ಲೆಕ್ಕವಲ್ಲ, ಅಳತೆಗಳು ನಾನು ಉದಾಹರಣೆಗೆ ಹಿಡಿದವು.

ಒಬ್ಬರು ಬಾಗಿಲ ಕಂಬಿ ಹಿಡಿದು ಹೊರಗೆ ವಾಲಿದ್ದಾರೆ. ಅವರ ಗುರುತ್ವಕೇಂದ್ರ ಪಾದದ ಅಂಚಿನಿಂದ 20 ಸೆಂಟಿಮೀಟರ್ ಹೊರಗಿದೆ. ಕೈ ಹಿಡಿದಿರುವುದು ಪಾದದಿಂದ ಒಂದೂವರೆ ಮೀಟರ್ ಮೇಲೆ. ರೈಲು ನೇರ ಓಡುವಾಗ ಅವರನ್ನು ಬೀಳದಂತೆ ತಡೆಯಲು ಆ ಕೈ ಸುಮಾರು 8 ಕಿಲೋ ತೂಕದಷ್ಟು ಬಲದಿಂದ ಎಳೆದುಕೊಂಡಿರಬೇಕು. 8 ಕಿಲೋ ಚೀಲ ಬೆನ್ನಿನ ಮೇಲೆ, ಇನ್ನೂ ಹೊರಗೆ, 45 ಸೆಂಟಿಮೀಟರ್ ದೂರದಲ್ಲಿ ಇದೆಯೆನ್ನಿ. ಕೈಯ ಮೇಲಿನ ಹೊರೆ 10 ಕಿಲೋ ದಾಟುತ್ತದೆ.

ಈಗ ತಿರುವು ಬಂತು. ತಿರುವು ಎಂದರೆ ದೊಡ್ಡ ವೃತ್ತದ ಒಂದು ತುಂಡು, ನಮ್ಮ ಬಳೆಚೂರಿನ ಹಾಗೆ. ಅದರ ಕೇಂದ್ರ ಹಳಿಯ ಮೇಲಿಲ್ಲ, ದೂರದಲ್ಲಿ ಎಲ್ಲೋ ಇದೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಆ ಕಾಣದ ಬಿಂದುವಿನ ಕಡೆಗೆ ರೈಲೂ ತಿರುಗಬೇಕು, ರೈಲಿನಲ್ಲಿರುವ ನಾವೂ ತಿರುಗಬೇಕು. ರೈಲನ್ನು ತಿರುಗಿಸುವುದು ಹಳಿ. ನಮ್ಮನ್ನು ತಿರುಗಿಸುವುದು ಕಾಲ ಕೆಳಗಿನ ನೆಲ ಮತ್ತು ಕೈಯಲ್ಲಿರುವ ಕಂಬಿ. ಈ ಒಳಮುಖದ ಬಲಕ್ಕೆ ‘ಕೇಂದ್ರಾಭಿಮುಖ ಬಲ’ ಎಂದು ಹೆಸರು. ನಮಗೆ ಮಾತ್ರ ಯಾರೋ ಹೊರಗೆ ನೂಕಿದಂತೆ ಅನ್ನಿಸುತ್ತದೆ. ಯಾರೂ ನೂಕುವುದಿಲ್ಲ, ನಮ್ಮ ಮೈ ನೇರ ಹೋಗಲು ನೋಡುತ್ತದೆ, ರೈಲು ಒಳಗೆ ತಿರುಗುತ್ತದೆ. ಪರೀಕ್ಷೆಯಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಕಣ್ಣಿನಿಂದ ಲೆಕ್ಕ ಮಾಡುವಾಗ ಹೊರಮುಖದ ಬಾಣ ಎಳೆಯಬೇಡಿ ಎನ್ನುವುದು ಇದಕ್ಕೇ. ರೈಲಿನೊಳಗೆ ನಿಂತವನ ಲೆಕ್ಕ ಮಾಡಿದರೆ ಮಾತ್ರ ಆ ‘ಕೇಂದ್ರಾಪಗಾಮಿ ಬಲ’ಕ್ಕೆ ಜಾಗ.

ವೇಗ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್. ತಿರುವಿನ ತ್ರಿಜ್ಯ 500 ಮೀಟರ್ ಎಂದುಕೊಳ್ಳಿ. ವೇಗವನ್ನು ಅದರಿಂದಲೇ ಗುಣಿಸಿ ತ್ರಿಜ್ಯದಿಂದ ಭಾಗಿಸಬೇಕು: 400 ಭಾಗಿಸು 500, ಅಂದರೆ 0.8. ಇದನ್ನು 60 ಕಿಲೋ ಮೈಗೆ ಗುಣಿಸಿದರೆ 48 ನ್ಯೂಟನ್, ಸುಮಾರು 5 ಕಿಲೋ ತೂಕದಷ್ಟು ಬಲ. ತಿರುವಿನ ಹೊರಬದಿಯ ಬಾಗಿಲಲ್ಲಿರುವವರ ಕೈಗೆ ಇದರಲ್ಲಿ ಬಹುಪಾಲು ಸೇರುತ್ತದೆ, ಚೀಲದ ಪಾಲೂ ಸೇರಿ ಸುಮಾರು ಮೂರೂವರೆ ಕಿಲೋ. 8 ಇದ್ದದ್ದು ಹೆಚ್ಚುಕಡಿಮೆ 14 ಆಯಿತು. ಅದೂ ಜೂನಿನ ಬೆವರಿನ ಕೈಯಲ್ಲಿ, ಬೆರಳ ತುದಿಯಲ್ಲಿ, ಪಕ್ಕದವರು ಒತ್ತುತ್ತಿರುವಾಗ.

ತಿರುವಿನಲ್ಲಿ ಹೊರಗಿನ ಹಳಿಯನ್ನು ತುಸು ಎತ್ತರಿಸಿರುತ್ತಾರೆ. ರೈಲು ಒಳಮುಖವಾಗಿ ಬಾಗಲಿ, ಹೊರಗಿನ ನೂಕು ಕಡಿಮೆಯಾಗಲಿ ಎಂದು. ಆದರೆ ಅದೇ ರೈಲು ತಿರುವಿನಲ್ಲಿ ನಿಧಾನವಾದರೆ ಅಥವಾ ನಿಂತರೆ ನೂಕು ಇಲ್ಲ, ಬಾಗು ಮಾತ್ರ ಉಳಿಯುತ್ತದೆ. ಆಗ ಒಳಬದಿಯ ಬಾಗಿಲಲ್ಲಿರುವವರು ಹೊರಕ್ಕೆ ವಾಲುತ್ತಾರೆ. ಎರಡು ಬದಿಯೂ ಒಂದೊಂದು ಕಾರಣಕ್ಕೆ ಅಪಾಯವೇ.

ಈ ಲೆಕ್ಕದಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು? ತಿರುವಿನ ತ್ರಿಜ್ಯ ನಮ್ಮ ಕೈಯಲ್ಲಿಲ್ಲ. ವೇಗ ಮೋಟರ್‌ಮನ್ನರ ಕೈಯಲ್ಲಿ. ಗಾಡಿಗಳ ಸಂಖ್ಯೆ, ಬಾಗಿಲು, ಹಳಿ ಎಲ್ಲ ರೈಲ್ವೆಯ ಜವಾಬ್ದಾರಿ, ಅದನ್ನು ಕೇಳುವ ಹಕ್ಕು ನಮಗಿದೆ. ನಮ್ಮ ಕೈಯಲ್ಲಿರುವುದು ಎರಡೇ: ನಡು ಎಲ್ಲಿದೆ, ಚೀಲ ಎಲ್ಲಿದೆ. ಚೀಲವನ್ನು ಬೆನ್ನಿನಿಂದ ತೆಗೆದು ಎದೆಯ ಮುಂದೆ, ಡಬ್ಬಿಯ ಒಳಮುಖಕ್ಕೆ ಹಿಡಿದರೆ ಆ ಎರಡೂವರೆ ಕಿಲೋ ಹೊರೆ ಕೈಯ ಮೇಲಿಂದ ಇಳಿಯುತ್ತದೆ. ಒಂದೇ ಒಂದು ಹೆಜ್ಜೆ ಒಳಗೆ ಸರಿದು ಗುರುತ್ವಕೇಂದ್ರ ಪಾದದ ಮೇಲೆ ಬಂದರೆ ಮೊದಲಿನ ಎಂಟು ಕಿಲೋನೂ ಇಳಿಯುತ್ತದೆ. ಆ ಹೆಜ್ಜೆಗೂ ಜಾಗವಿಲ್ಲದ ಗಾಡಿಯಾದರೆ ಅದನ್ನು ಬಿಟ್ಟುಬಿಡಿ. ಮುಂದಿನ ಗಾಡಿ ಬರುತ್ತದೆ. ಆಫೀಸಿನಲ್ಲಿ ಬೈಸಿಕೊಂಡರೂ ಸಂಜೆ ಮನೆಗೆ ಬರುತ್ತೀರಲ್ಲ, ಅದು ಮುಖ್ಯ.

ಮಕ್ಕಳಿಗೆ ಹೇಳುವುದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಲೆಕ್ಕದಲ್ಲಿ ‘ಸೆಂಟರ್’ ಎಂಬ ಪದ ಕಂಡ ಕೂಡಲೇ ಸೂತ್ರಕ್ಕೆ ಕೈ ಹಾಕಬೇಡಿ. ಮೂರು ಪ್ರಶ್ನೆ ಕೇಳಿ. ಒಂದು, ಯಾವುದರ ಕೇಂದ್ರ? ಚೀಲದ್ದೋ, ಮೈಯದ್ದೋ, ಎರಡೂ ಸೇರಿದ್ದೋ, ತಿರುವಿನದ್ದೋ? ಎರಡು, ಯಾತಕ್ಕೆ? ಸಮದೂರಕ್ಕೋ, ತೂಗಿ ನಿಲ್ಲುವುದಕ್ಕೋ, ತಿರುಗುವುದಕ್ಕೋ, ದೂರ ಅಳೆಯುವುದಕ್ಕೋ? ಮೂರು, ಅದು ಇದ್ದಲ್ಲೇ ಇರುತ್ತದೋ, ಸರಿಯುತ್ತದೋ? ಈ ಮೂರಕ್ಕೆ ಉತ್ತರ ಬರೆದ ಮೇಲೆ ಚಿತ್ರ ಎಳೆಯಿರಿ, ಆಮೇಲೆ ಸೂತ್ರ. ಅರ್ಧ ಲೆಕ್ಕ ಅಲ್ಲೇ ಮುಗಿದಿರುತ್ತದೆ.

ಅಮ್ಮಂದಿರೇ, ಅಪ್ಪಂದಿರೇ, ಮಗುವಿನ ಪುಸ್ತಕ ಯಾವ ಭಾಷೆಯಲ್ಲೇ ಇರಲಿ, ಈ ಮೂರು ಪ್ರಶ್ನೆ ಕೇಳಲು ನಿಮ್ಮ ಕನ್ನಡ ಧಾರಾಳ ಸಾಕು. “ಮಗಾ, ಯಾವುದರ ಕೇಂದ್ರ ಇದು?” ಎಂದು ಅಡುಗೆಮನೆಯಿಂದಲೇ ಕೇಳಿ. ಉತ್ತರ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರಲಿ, ಪರವಾಗಿಲ್ಲ. ಹಾಗೆಯೇ ನಾಳೆ ಬೆಳಿಗ್ಗೆ ಮನೆಯಿಂದ ಹೊರಡುವವರ ಬೆನ್ನಿನ ಚೀಲವನ್ನೂ ಒಮ್ಮೆ ನೋಡಿ, ರೈಲು ಹತ್ತುವ ಮೊದಲು ಅದು ಎದೆಗೆ ಬರಲಿ ಎಂದು ಹೇಳಿ ಕಳಿಸಿ.

ಎಲ್ಲರೂ ಕ್ಷೇಮವಾಗಿ ಮನೆ ಸೇರಿ.